ಮಳೆಯಿಲ್ಲದ ಮರಳಲ್ಲಿ ವರ್ಷಕ್ಕೆ ಎರಡು ಕೊಯ್ಲು: ಪೆರುವಿನ ಇಕಾ ಕಣಿವೆಯ ಆಸ್ಪರಾಗಸ್

ಪೆರುವಿನ ರಾಜಧಾನಿ ಲಿಮಾದಿಂದ ದಕ್ಷಿಣಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ ಇಕಾ ಕಣಿವೆ. ಪೂರ್ವಕ್ಕೆ ಆಂಡಿಸ್ ಬೆಟ್ಟಸಾಲು, ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ನಡುವೆ ಮರಳುಗಾಡು. ಕಡಲಿನ ಹಂಬೋಲ್ಟ್ ಶೀತಪ್ರವಾಹದಿಂದಾಗಿ ಇಲ್ಲಿ ಮಂಜು ಕವಿದರೂ ಮಳೆ ಬೀಳುವುದಿಲ್ಲ. ವರ್ಷದ ಮಳೆಯೆಲ್ಲ ಸೇರಿದರೂ ಕೆಲವೇ ಮಿಲಿಮೀಟರ್. ಇಕಾ ನದಿಯಲ್ಲಿ ನೀರು ಹರಿಯುವುದು ಬೆಟ್ಟದ ಮೇಲೆ ಮಳೆಯಾಗುವ ಜನವರಿಯಿಂದ ಏಪ್ರಿಲ್‌ವರೆಗೆ, ಅಷ್ಟೇ. ಹಿಂದೆ ಈ ನೀರಿನಲ್ಲಿ ತಾಂಗ್ವಿಸ್ ಹತ್ತಿ, ದ್ರಾಕ್ಷಿ ಬೆಳೆಯುತ್ತಿದ್ದರು. 1980ರ ದಶಕದ ಕೊನೆಯಿಂದ ಇದೇ ಕಣಿವೆಯಲ್ಲಿ, ಪಕ್ಕದ ವಿಲ್ಲಾಕುರಿ ಬಯಲಿನಲ್ಲಿ ಎಳೆ ದಂಟಿಗಾಗಿ ಬೆಳೆಯುವ ತರಕಾರಿ, ಹಸಿರು ಆಸ್ಪರಾಗಸ್, ಹಬ್ಬಿತು. 1991ರಲ್ಲಿ ಅಮೆರಿಕ ಆಂಡಿಸ್ ದೇಶಗಳಿಗೆ ಸುಂಕವಿನಾಯಿತಿ ಕೊಟ್ಟ ಮೇಲೆ ಅದರ ವೇಗ ಹೆಚ್ಚಿತು. 2000ರ ದಶಕದಲ್ಲಿ ತಾಜಾ ಆಸ್ಪರಾಗಸ್ ರಫ್ತಿನಲ್ಲಿ ಪೆರು ಜಗತ್ತಿಗೇ ಮುಂದಿತ್ತು.

ಕೃಷಿಯ ದೃಷ್ಟಿಯಿಂದ ಇದು ವಿಚಿತ್ರ ಸಾಧನೆ. ಆಸ್ಪರಾಗಸ್ ಚಳಿನಾಡಿನ ಬಹುವಾರ್ಷಿಕ. ಚಳಿಗಾಲದಲ್ಲಿ ಮೇಲಿನ ಗಿಡ ಸತ್ತು, ಬೇರು ಮಲಗಿ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಜರ್ಮನಿಯ ರೈತನಿಗೆ ವರ್ಷಕ್ಕೆ ಒಂದೇ ಕೊಯ್ಲು, ಹೆಕ್ಟೇರಿಗೆ 5–6 ಟನ್. ಇಕಾದಲ್ಲಿ ಎರಡು ಕೊಯ್ಲು, ಹೆಕ್ಟೇರಿಗೆ 10 ಟನ್ ಮೀರಿದ ಇಳುವರಿ. ಚಳಿಯೇ ಇಲ್ಲದ ಊರಲ್ಲಿ ಗಿಡವನ್ನು ಮಲಗಿಸಿ ಎಬ್ಬಿಸುವ ಕೆಲಸವನ್ನು ಅಲ್ಲಿನವರು ನೀರಿನ ವಾಲ್ವ್‌ನಿಂದ ಮಾಡಿಸಿದರು. ಈ ಬೆಳೆಯಲ್ಲಿ ಗೆದ್ದದ್ದೂ ಸೋತದ್ದೂ ಆ ವಾಲ್ವ್‌ನ ಸುತ್ತಲೇ ಇದೆ.

ನೆಲದೊಳಗಿನ ಗಿಡ

ತಟ್ಟೆಗೆ ಬರುವ ದಂಟು ಈ ಗಿಡದ ಚಿಕ್ಕ ಭಾಗ. ನಿಜವಾದ ಗಿಡ ನೆಲದೊಳಗಿದೆ: ಅಡ್ಡಡ್ಡ ಬೆಳೆಯುವ ಬುಡಗಡ್ಡೆ, ಅದರ ಮೇಲೆ ಗೊಂಚಲು ಗೊಂಚಲಾಗಿ ಕೂತ ಮೊಗ್ಗುಗಳು, ಕೆಳಗೆ ಪೆನ್ಸಿಲ್ ದಪ್ಪದ ನೂರಾರು ಸಂಗ್ರಹಬೇರುಗಳು. ಮೊಗ್ಗು ಮೇಲೆದ್ದರೆ ದಂಟು. ದಂಟನ್ನು ಕೊಯ್ಯದೆ ಬಿಟ್ಟರೆ ಅದು ಆಳೆತ್ತರ ಬೆಳೆದು, ಕವಲೊಡೆದು, ನಯವಾದ ಗರಿಯಾಗುತ್ತದೆ. ಆ ಗರಿಯ ಸೂಜಿಗಳನ್ನು ಎಲೆ ಎಂದುಕೊಳ್ಳುವವರೇ ಹೆಚ್ಚು, ಆದರೆ ಅವು ಮಾರ್ಪಟ್ಟ ಕಾಂಡಗಳು. ಎಲೆ ಅಂದರೆ ದಂಟಿನ ಮೈಗೆ ಅಂಟಿದ ತ್ರಿಕೋನದ ಪೊರೆ ಮಾತ್ರ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣು ಗಿಡ ಕೊಡುವ ದಂಟು ಕಡಿಮೆ ಆದರೆ ದಪ್ಪ; ಗಂಡಿನದು ಹೆಚ್ಚು, ತುಸು ಸಣ್ಣ. ಹೆಣ್ಣಿನ ಕೆಂಪು ಹಣ್ಣು ಉದುರಿ ಸಾಲಿನಲ್ಲಿ ಕಳೆಯಾಗಿ ಹುಟ್ಟುವುದು ಇನ್ನೊಂದು ಕಾಟ. ಇಕಾದಲ್ಲಿ ಬೇರೂರಿದ ತಳಿ ಯುಸಿ 157. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬೆಚ್ಚನೆಯ ಹವೆಗೆಂದೇ ತಯಾರಿಸಿದ ಈ ಹೈಬ್ರಿಡ್‌ನಲ್ಲಿ ಗಂಡು, ಹೆಣ್ಣು ಎರಡೂ ಬೆರೆತಿರುತ್ತವೆ.

ಬೇರಿನಲ್ಲಿ ಕೂಡಿಡುವ ಆಹಾರ ಪಿಷ್ಟವಲ್ಲ, ಫ್ರಕ್ಟಾನ್. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇರುವ ಇದು ಫ್ರಕ್ಟೋಸ್ ಸಕ್ಕರೆಯ ಕೊಂಡಿಗಳು ಸೇರಿದ ಸರಪಳಿ. ಬೇರಿನ ಒಣತೂಕದಲ್ಲಿ ಅರ್ಧದಷ್ಟು ಇದೇ ಇರಬಹುದು. ಫ್ರಕ್ಟಾನ್ ನೀರಿನಲ್ಲಿ ಕರಗುವುದರಿಂದ ಬೇರಿನ ರಸ ಹಿಂಡಿ ರಿಫ್ರಾಕ್ಟೋಮೀಟರ್‌ನಲ್ಲಿ, ಅಂದರೆ ರಸದಲ್ಲಿ ಬೆಳಕು ಬಾಗುವುದನ್ನು ನೋಡಿ ಸಕ್ಕರೆ ತಿಳಿಸುವ ಕೈಸಾಧನದಲ್ಲಿ, ಹೊಲದಲ್ಲೇ ಅಳೆಯಬಹುದು. ಆಲೂಗಡ್ಡೆಯಂತೆ ಪಿಷ್ಟವಾಗಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ. ಇಕಾದ ಇಡೀ ಪದ್ಧತಿ ಈ ಒಂದು ಅಳತೆಯ ಮೇಲೆ ನಿಂತಿದೆ.

ಕೊಯ್ಲಿನ ಕಾಲದಲ್ಲಿ ಗಿಡಕ್ಕೆ ಆದಾಯವಿಲ್ಲ. ಗರಿಯೇ ಇಲ್ಲದ ಕಾರಣ ಪ್ರತಿ ದಂಟೂ ಬೇರಿನ ಸಕ್ಕರೆಯಿಂದಲೇ ಎದ್ದು ಬರಬೇಕು. ಕೊಯ್ಲು ನಿಲ್ಲಿಸಿದ ಕೂಡಲೇ ಬೇರು ತುಂಬತೊಡಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಗರಿ ಕಟ್ಟುವುದಕ್ಕೂ ಅದೇ ಸಕ್ಕರೆ ಬೇಕು, ಹಾಗಾಗಿ ಮಟ್ಟ ಅತಿ ಕೆಳಗಿಳಿಯುವುದು ಕೊಯ್ಲು ಮುಗಿದು ಕೆಲ ವಾರಗಳಾದ ಮೇಲೆ, ಮೊದಲ ಗರಿ ಬಿಚ್ಚಿಕೊಳ್ಳುವ ಹೊತ್ತಿಗೆ. ಆಗ ಹುಳವೋ ರೋಗವೋ ಗರಿಗೆ ತಗುಲಿದರೆ ನಷ್ಟ ಎರಡರಷ್ಟು.

ಚಳಿಯೂ ಬರವೂ ಇಲ್ಲದಿದ್ದರೆ ಏನಾಗುತ್ತದೆ? ಗಿಡ ಸಾಯುವುದಿಲ್ಲ, ಸುಮ್ಮನೆ ಸಣಕಲು ದಂಟುಗಳನ್ನು ವರ್ಷವಿಡೀ ಒಂದೊಂದಾಗಿ ಬಿಡುತ್ತಿರುತ್ತದೆ. ಬೆಳೆಯುತ್ತಿರುವ ದಂಟು ಅದೇ ಗೊಂಚಲಿನ ಉಳಿದ ಮೊಗ್ಗುಗಳನ್ನು ತಡೆಹಿಡಿಯುತ್ತದೆ. ಒಟ್ಟಿಗೆ, ದಪ್ಪಗೆ, ಪೆಟ್ಟಿಗೆ ತುಂಬುವಷ್ಟು ಬರಬೇಕಾದರೆ ಮೊದಲು ಎಲ್ಲ ಮೊಗ್ಗೂ ಒಟ್ಟಿಗೆ ಮಲಗಿರಬೇಕು.

ನೆಡುವುದು

ಬೀಜವನ್ನು ಟ್ರೇಗಳಲ್ಲಿ ಹಾಕಿ, 3–4 ತಿಂಗಳ ಸಸಿಯನ್ನು 20–30 ಸೆಂ.ಮೀ. ಆಳದ ಕಾಲುವೆಯಲ್ಲಿ ನೆಡುತ್ತಾರೆ. ಬುಡಗಡ್ಡೆ ವರ್ಷ ವರ್ಷ ಮೇಲಕ್ಕೇರುವುದರಿಂದ ಆಳ ಬೇಕೇ ಬೇಕು. ಸಾಲಿನಿಂದ ಸಾಲಿಗೆ 1.5–1.8 ಮೀ., ಗಿಡದಿಂದ ಗಿಡಕ್ಕೆ 20–30 ಸೆಂ.ಮೀ. ಸಾಲಿಗೆ 1.5 ಮೀ., ಗಿಡಕ್ಕೆ 25 ಸೆಂ.ಮೀ. ಹಿಡಿದರೆ ಹೆಕ್ಟೇರಿಗೆ ಸುಮಾರು 26,700 ಗಿಡ, ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 10,800. ಮರಳು ನೆಲದಲ್ಲಿ ಸಾವಯವ ಅಂಶ ಇಲ್ಲವೇ ಇಲ್ಲ ಎನ್ನಬಹುದಾದ್ದರಿಂದ ಕಾಲುವೆಯ ತಳಕ್ಕೆ ಕಳಿತ ಗೊಬ್ಬರ ಹಾಕಿ, ಮೇಲೆ ಡ್ರಿಪ್ ಎಳೆಯುತ್ತಾರೆ. ಗಿಡ ಬೆಳೆದಂತೆ ಕಾಲುವೆಗೆ ಮಣ್ಣು ಎಳೆದು ಮುಚ್ಚುತ್ತ ಬರಬೇಕು. ಒಂದೇ ಸಲ ಮುಚ್ಚಿದರೆ ಎಳೆ ಸಸಿ ಉಸಿರುಗಟ್ಟುತ್ತದೆ.

ಮರುಭೂಮಿಯ ಕೊಳವೆಬಾವಿ ನೀರು ಉಪ್ಪು. ಇಲ್ಲಿ ಆಸ್ಪರಾಗಸ್‌ನ ಹುಟ್ಟುಗುಣ ನೆರವಿಗೆ ಬಂತು. ತರಕಾರಿಗಳಲ್ಲಿ ಉಪ್ಪು ಸಹಿಸುವುದರಲ್ಲಿ ಇದು ಮುಂಚೂಣಿಯದು: ಉಪ್ಪು ಹೆಚ್ಚಿದಂತೆ ಏರುವ ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟುವವರೆಗೂ ಇಳುವರಿ ಕುಗ್ಗುವುದಿಲ್ಲ, ಅಲ್ಲಿಂದಾಚೆಗೂ ನಿಧಾನವಾಗಿಯೇ ಇಳಿಯುತ್ತದೆ. ಹುರುಳಿಕಾಯಿ 1ರಲ್ಲೇ ಬಾಡತೊಡಗುತ್ತದೆ. ಬೋರಾನ್ ವಿಷವನ್ನೂ ಇದು ಬೇರೆ ಬೆಳೆಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಈ ಸಹನೆ ಬೇರೂರಿದ ಗಿಡದ್ದು. ಸಸಿ ಅಷ್ಟು ಗಟ್ಟಿಯಲ್ಲ. ಹಾಗಾಗಿ ನಾಟಿಗೆ ಮೊದಲು ಚೆನ್ನಾಗಿ ನೀರು ಹಾಯಿಸಿ ಉಪ್ಪನ್ನು ಕೆಳಕ್ಕೆ ತೊಳೆಯುವುದು ವಾಡಿಕೆ.

ಗೊಬ್ಬರದ ಬಗ್ಗೆ ಒಂದು ಮಾತು. ದಂಟಿನಲ್ಲಿ ಪ್ರೋಟೀನ್ ಶೇ. 2.2ರ ಆಸುಪಾಸು. ಆ ಲೆಕ್ಕದಲ್ಲಿ 10 ಟನ್ ದಂಟಿನೊಂದಿಗೆ ಹೊಲದಿಂದ ಹೊರಹೋಗುವ ಸಾರಜನಕ ಸುಮಾರು 35 ಕೆ.ಜಿ. ಮಾತ್ರ. ಗರಿಗೆ ಬೇಕಾಗುವುದು ಇದಕ್ಕಿಂತ ಬಹಳ ಹೆಚ್ಚು, ನಿಜ. ಆದರೂ ಯೂರಿಯಾ ಸುರಿದಷ್ಟೂ ದಂಟು ಬರುತ್ತದೆ ಎಂದುಕೊಂಡವರು ಕೆಡಿಸಿಕೊಳ್ಳುವುದು ಮುಂದಿನ ಹಂತವನ್ನು. ಕೊನೆಯ ತಿಂಗಳಲ್ಲಿ ಸಾರಜನಕ ಹೆಚ್ಚಾದರೆ ಗರಿ ಹಸಿರಾಗಿಯೇ ಉಳಿಯುತ್ತದೆ, ಮಲಗುವುದಿಲ್ಲ.

ಬಾಯಾರಿಸಿ ಮಲಗಿಸುವುದು

ಇಕಾದ ಒಂದು ಸುತ್ತು ಸುಮಾರು ಆರು ತಿಂಗಳದು: ಒಂದು ತಿಂಗಳಿನಷ್ಟು ಕೊಯ್ಲು, ಉಳಿದ ನಾಲ್ಕೂವರೆ–ಐದು ತಿಂಗಳು ಗರಿ. ಕೊಯ್ಲು ನಿಂತ ಮೇಲೆ ಗರಿ ಎರಡು ಮೂರು ಅಲೆಯಾಗಿ ಏಳುತ್ತದೆ. ಕೊನೆಯ ಅಲೆ ಪೂರ್ತಿ ಬಿಚ್ಚಿ ಗಟ್ಟಿಯಾದ ಮೇಲೆ ನೀರನ್ನು ಹಂತ ಹಂತವಾಗಿ ಇಳಿಸುತ್ತಾರೆ. ಅಲ್ಲಿನವರು ಇದಕ್ಕೆ 'ಅಗೊಸ್ತೆ' ಎನ್ನುತ್ತಾರೆ. ಎರಡರಿಂದ ನಾಲ್ಕು ವಾರ. ಹೊಸ ಮೊಗ್ಗು ಮೇಲೆದ್ದು ಬರುವುದು ನಿಲ್ಲುತ್ತದೆ, ಗರಿ ಹಳದಿಗೆ ತಿರುಗುತ್ತದೆ, ಗರಿಯಲ್ಲಿದ್ದ ಸಕ್ಕರೆ ಬೇರಿಗಿಳಿಯುತ್ತದೆ. ಆಮೇಲೆ 'ಚಪೋದೊ': ಗರಿಯನ್ನು ನೆಲಮಟ್ಟಕ್ಕೆ ಕತ್ತರಿಸಿ ಹೊಲದಿಂದ ತೆಗೆಯುವುದು ಅಥವಾ ಪುಡಿ ಮಾಡಿ ಬಿಡುವುದು. ಕೂಡಲೇ ಧಾರಾಳ ನೀರು. ಬಿಸಿ ತಿಂಗಳಲ್ಲಾದರೆ ವಾರ ಹತ್ತು ದಿನಕ್ಕೆ ದಂಟು ನೆಲ ಸೀಳಿ ಮೇಲೆ ಬರುತ್ತದೆ. ತಂಪಿನಲ್ಲಿ ಇನ್ನಷ್ಟು ತಡ.

ಕತ್ತರಿಸುವ ದಿನವನ್ನು ಗೊತ್ತುಮಾಡುವುದು ಬ್ರಿಕ್ಸ್, ಅಂದರೆ ರಿಫ್ರಾಕ್ಟೋಮೀಟರ್ ತೋರಿಸುವ ರಸದ ಸಕ್ಕರೆಯ ಅಂಕಿ. ಹೊಲದ ಬೇರೆ ಬೇರೆ ಕಡೆಯ ಹತ್ತಿಪ್ಪತ್ತು ಗಿಡಗಳಿಂದ ತಲಾ ಒಂದು ಬೇರು. ಎಲ್ಲವೂ ಬುಡದಿಂದ ಒಂದೇ ದೂರ, ಒಂದೇ ಆಳದಿಂದ, ಪೆನ್ಸಿಲ್ ದಪ್ಪದವು. ಎಳೆ ಬಿಳಿ ಬೇರು ಬೇಡ, ಒಳಗೆ ಟೊಳ್ಳಾದ ಹಳೆಯದೂ ಬೇಡ. ಮಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಳ್ಳುಳ್ಳಿ ಹಿಂಡುವ ಒತ್ತುಕದಲ್ಲಿ ರಸ ತೆಗೆದು, ಎರಡು ಹನಿ ಗಾಜಿನ ಮೇಲೆ. ತುಂಬಿದ ಬೇರು 20 ದಾಟುತ್ತದೆ. ಕೊಯ್ಲಿನ ಕೊನೆಗೆ 10–12ರತ್ತ ಇಳಿಯುತ್ತದೆ. ಒಂದು ದಿನದ ಅಂಕಿಗಿಂತ ವಾರವಾರದ ಏರಿಳಿತ ನೋಡುವುದು ಮುಖ್ಯ. ಏರಿಕೆ ನಿಂತು ಮಟ್ಟಸವಾಯಿತೆಂದರೆ ಇನ್ನು ಕಾಯುವುದರಲ್ಲಿ ಲಾಭವಿಲ್ಲ.

ಇಲ್ಲೇ ಒಂದು ಬಲೆ ಇದೆ. ನೀರು ನಿಲ್ಲಿಸಿದಾಗ ಬೇರಿನ ಸಕ್ಕರೆ ಹೆಚ್ಚದೆಯೂ ಅಂಕಿ ಏರುತ್ತದೆ, ಏಕೆಂದರೆ ಬೇರೇ ಬತ್ತಿ ರಸ ಗಟ್ಟಿಯಾಗಿರುತ್ತದೆ. 18 ಇದ್ದದ್ದು ಒಂದೇ ವಾರದಲ್ಲಿ 22 ಆದರೆ ಅದು ದ್ಯುತಿಸಂಶ್ಲೇಷಣೆಯ ಫಲ ಅಲ್ಲ, ಬಾಯಾರಿಕೆಯ ಫಲ. ಅಗೊಸ್ತೆ ಶುರುವಾಗುವ ಮೊದಲು, ನೀರು ಕೊಟ್ಟ ಮರುದಿನ ತೆಗೆದ ಅಂಕಿಯನ್ನೇ ಆಧಾರವಾಗಿಟ್ಟುಕೊಂಡವರು ಮೋಸ ಹೋಗುವುದಿಲ್ಲ. ಬೇರನ್ನು ಬೆರಳಲ್ಲಿ ಬಗ್ಗಿಸಿ ನೋಡುವುದೂ ಒಳ್ಳೆಯ ಪರೀಕ್ಷೆಯೇ: ತುಂಬಿದ್ದು ಪಟ್ಟನೆ ಮುರಿಯುತ್ತದೆ, ಬತ್ತಿದ್ದು ರಬ್ಬರಿನಂತೆ ಬಳುಕುತ್ತದೆ.

ಮಾರುಕಟ್ಟೆಯಲ್ಲಿ ದರ ಏರಿದೆ ಎಂದು ಮೂರು ವಾರ ಮೊದಲೇ ಕತ್ತರಿಸಿದರೆ ಮೊದಲ ವಾರ ದಂಟು ಚೆನ್ನಾಗಿಯೇ ಬರುತ್ತದೆ. ಎರಡನೇ ವಾರದಲ್ಲಿ ಸಣಕಲಾಗುತ್ತದೆ, ಮೂರನೆಯದಕ್ಕೆ ನಿಲ್ಲುತ್ತದೆ. ಏಟು ಅಲ್ಲಿಗೇ ಮುಗಿಯುವುದಿಲ್ಲ. ದಂಟಿನ ದಪ್ಪವನ್ನು ನಿರ್ಧರಿಸುವುದು ಮೊಗ್ಗಿನ ಗಾತ್ರ, ಮೊಗ್ಗು ರೂಪುಗೊಳ್ಳುವುದು ಹಿಂದಿನ ಗರಿಯ ಕಾಲದಲ್ಲಿ. ಈಗ ಬೇರನ್ನು ಬರಿದು ಮಾಡಿದರೆ ಮುಂದಿನ ಸುತ್ತಿನ ಗರಿ ದುರ್ಬಲ, ಅದರಾಚೆಯ ಕೊಯ್ಲೂ ಸಣ್ಣ. ತಡ ಮಾಡಿದರೆ ಬೇರೆ ತೊಂದರೆ: ಒಣಗಿದ ಗರಿಯ ಬುಡದಿಂದ ಒಂದೊಂದೇ ದಂಟು ತಾನಾಗಿ ಏಳತೊಡಗುತ್ತದೆ, ಒಟ್ಟಿಗೆ ಬರುವ ಲಾಭ ಕೈತಪ್ಪುತ್ತದೆ.

ಗರಿಯ ಕಾಲದ ಶತ್ರು ಪ್ರೊಡಿಪ್ಲೋಸಿಸ್ ಲಾಂಜಿಫಿಲಾ ಎಂಬ ಪುಟ್ಟ ನೊಣ. ಒಂದೆರಡು ಮಿಲಿಮೀಟರ್ ಉದ್ದ, ಬೆಳೆದ ಮೇಲೆ ಒಂದೆರಡು ದಿನ ಬದುಕು. ಕೆಡುಕು ಮಾಡುವುದು ಅದರ ಮರಿಹುಳು. ದಂಟಿನ ತುದಿಯ ಪೊರೆಗಳಡಿ ಅಡಗಿ ಎಳೆ ಅಂಗಾಂಶವನ್ನು ಕೆರೆಯುತ್ತದೆ. ತುದಿ ಕಂದಾಗಿ, ಸೊಟ್ಟಗಾಗಿ, ಗರಿ ಬಿಚ್ಚುವುದೇ ಇಲ್ಲ. ಪೊರೆಯ ಅಡಿಗೆ ಔಷಧಿ ತಲುಪುವುದಿಲ್ಲವಾದ್ದರಿಂದ ಸಿಂಪಡಣೆಯೊಂದನ್ನೇ ನಂಬಿದವರು ಸೋಲುತ್ತಾರೆ. ಎಲ್ಲ ದಂಟೂ ಒಂದೇ ಹೊತ್ತಿಗೆ ಎದ್ದು ಬೇಗ ಗಟ್ಟಿಯಾಗುವಂತೆ ನೋಡಿಕೊಳ್ಳುವುದು, ಹಳದಿ ಅಂಟುಬಲೆ, ಪಕ್ಕದಲ್ಲಿ ಟೊಮೇಟೊ, ಆಲೂಗಡ್ಡೆ ಇಲ್ಲದಂತೆ ನೋಡುವುದು, ಇವೆಲ್ಲ ಸೇರಿದರೆ ಮಾತ್ರ ಹತೋಟಿ. ಎಳೆಯ ಗರಿ ವರ್ಷಕ್ಕೆ ಎರಡು ಸಲ ಏಳುವ ಪದ್ಧತಿಯೇ ಈ ನೊಣಕ್ಕೆ ಹಬ್ಬ ಎನ್ನುವುದನ್ನೂ ಒಪ್ಪಬೇಕು.

ಕತ್ತರಿಸಿದ ಮೇಲೆ ಓಡುವ ಗಡಿಯಾರ

ಹಸಿರು ದಂಟನ್ನು 22–25 ಸೆಂ.ಮೀ. ಆದಾಗ ನೆಲಮಟ್ಟದಲ್ಲಿ ಕೊಯ್ಯುತ್ತಾರೆ. ಸೆಕೆಯ ದಿನಗಳಲ್ಲಿ ಬೆಳಿಗ್ಗೆ ಬಿಟ್ಟ ಗೇಣುದ್ದದ ದಂಟು ಸಂಜೆಗೆ ಅಳತೆ ಮೀರಿರುತ್ತದೆ. 30 ಡಿಗ್ರಿ ದಾಟಿದರೆ ಉದ್ದವಾಗುವ ಮುನ್ನವೇ ತುದಿ ಬಿಚ್ಚಿ ದರ್ಜೆ ಕಳೆದುಕೊಳ್ಳುತ್ತದೆ. ಹಾಗಾಗಿ ದಿನಕ್ಕೆರಡು ಸಲ ಹೊಲ ಸುತ್ತಬೇಕು. ಯಂತ್ರಕ್ಕೆ ಒಗ್ಗದ ಕೆಲಸ. ಕೂಲಿಯಾಳಿಲ್ಲದೆ ಈ ಬೆಳೆಯೇ ಇಲ್ಲ. 2020ರ ಡಿಸೆಂಬರ್‌ನಲ್ಲಿ ಇಕಾದ ಕೃಷಿ ಕಾರ್ಮಿಕರು ಹೆದ್ದಾರಿ ತಡೆದು ಕುಳಿತಾಗ, ಕಂಪನಿಗಳಿಗೆ ಎರಡು ದಶಕ ಅನುಕೂಲ ಮಾಡಿಕೊಟ್ಟಿದ್ದ ಕೃಷಿ ಉತ್ತೇಜನ ಕಾಯಿದೆಯನ್ನು ಪೆರು ಸಂಸತ್ತು ದಿನಗಳೊಳಗೆ ರದ್ದು ಮಾಡಿತು.

ಕತ್ತರಿಸಿದ ದಂಟು ಇನ್ನೂ ಬೆಳೆಯುವ ತುದಿ; ತರಕಾರಿಗಳಲ್ಲೇ ಅತಿ ಜೋರು ಉಸಿರಾಟ ಇದರದ್ದು. ಬೇರಿನಿಂದ ಸಕ್ಕರೆ ಬರುವುದು ನಿಂತಿರುತ್ತದೆ. ಕೆಲವೇ ಗಂಟೆಗಳಲ್ಲಿ ತುದಿಯ ಸಕ್ಕರೆ ಖಾಲಿಯಾಗಿ, ಜೀವಕೋಶಗಳು ತಮ್ಮ ಪ್ರೋಟೀನನ್ನೇ ಒಡೆಯತೊಡಗುತ್ತವೆ. ಆಗ ಹೊರಬೀಳುವ ಅಮೋನಿಯಾ ವಿಷವಾಗದಂತೆ ಅದನ್ನು ಆಸ್ಪರಾಜಿನ್ ಆಗಿ ಕಟ್ಟಿಡುತ್ತವೆ. 1806ರಲ್ಲಿ ಪ್ಯಾರಿಸ್‌ನಲ್ಲಿ ರಸಾಯನವಿಜ್ಞಾನಿಗಳಾದ ವೋಕ್ಲಾಂ ಮತ್ತು ರೋಬಿಕೆ ಇದೇ ಗಿಡದ ರಸದಿಂದ ಬೇರ್ಪಡಿಸಿದ ವಸ್ತು ಅದು. ಪ್ರತ್ಯೇಕಿಸಿದ ಮೊಟ್ಟಮೊದಲ ಅಮೈನೋ ಆಮ್ಲ. ಶಕ್ತಿ ಸಾಲದೆ ಹೋದಾಗ ಅಮೋನಿಯಾ ಉಳಿದು, ತುದಿ ಕಪ್ಪಾಗಿ ಲೋಳೆಯಾಗಿ ನಾರುತ್ತದೆ. ಬುಡದ ಕಡೆ ಬೇರೆಯದೇ ಕ್ರಿಯೆ. ಗಾಯವಾದ ಜಾಗದಿಂದ ಮೇಲಕ್ಕೆ ಲಿಗ್ನಿನ್ ಕಟ್ಟಿಕೊಂಡು ದಂಟು ನಾರಾಗುತ್ತದೆ, ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಅದಕ್ಕೆ ಚುರುಕು ಕೊಡುತ್ತದೆ. ಹಣ್ಣಿನ ಜೊತೆ ಒಂದೇ ಕೋಣೆಯಲ್ಲಿ ಇಟ್ಟರೆ ಕೆಡುವುದು ಇದರಿಂದಲೇ.

ಇವಕ್ಕೆಲ್ಲ ಒಂದೇ ಉತ್ತರ, ತಂಪು. ಕೊಯ್ದ ಕೆಲವೇ ಗಂಟೆಗಳಲ್ಲಿ ತಣ್ಣೀರಿನಲ್ಲಿ ಅದ್ದಿ, 0–2 ಡಿಗ್ರಿಯಲ್ಲಿ, ಶೇ. 95 ಮೀರಿದ ತೇವದಲ್ಲಿ ಇಡಬೇಕು. ಹತ್ತು ದಿನಕ್ಕಿಂತ ಹೆಚ್ಚು ಸೊನ್ನೆಯಲ್ಲೇ ಇಟ್ಟರೆ ತಂಪೇ ಕೆಡಿಸುತ್ತದೆ, ಆಗ 2 ಡಿಗ್ರಿ ಸುರಕ್ಷಿತ. ಪೆಟ್ಟಿಗೆಯಲ್ಲಿ ದಂಟುಗಳನ್ನು ನಿಲ್ಲಿಸಿಯೇ ಜೋಡಿಸುತ್ತಾರೆ, ಬುಡದಡಿ ಒದ್ದೆ ಹಾಸು. ಮಲಗಿಸಿದರೆ ತುದಿ ಮೇಲಕ್ಕೆ ಬಾಗಿ ಕೊಕ್ಕೆಯಾಗುತ್ತದೆ. ಇಷ್ಟೆಲ್ಲ ಜೋಪಾನ ಮಾಡಿ ಮಯಾಮಿಗೆ ವಿಮಾನದಲ್ಲಿ ಕಳಿಸಿದ ಸರಕನ್ನು ಅಲ್ಲಿ ಮತ್ತೆ ಬೆಚ್ಚಗೆ ಮಾಡಿ ಮೀಥೈಲ್ ಬ್ರೋಮೈಡ್ ಹೊಗೆ ಕೊಡಿಸಬೇಕಿತ್ತು. ಕೊಪಿಟಾರ್ಸಿಯಾ ಪತಂಗ ದೇಶದೊಳಗೆ ಬಾರದಿರಲೆಂದು ಅಮೆರಿಕ ಹಾಕಿದ ಷರತ್ತು ಅದು. ದಂಟಿನ ಆಯುಸ್ಸು ಅಲ್ಲೇ ಹಲವು ದಿನ ಕಡಿಮೆಯಾಗುತ್ತಿತ್ತು.

ಆಸ್ಪರಾಗಸ್ ತಿಂದವರ ಮೂತ್ರಕ್ಕೆ ಬರುವ ವಿಶೇಷ ವಾಸನೆಗೆ ಕಾರಣ ಆಸ್ಪರಾಗ್ಯೂಸಿಕ್ ಆಮ್ಲ, ಗಂಧಕದ ಎರಡು ಪರಮಾಣು ಇರುವ ಪುಟ್ಟ ಉಂಗುರ. ದೇಹದಲ್ಲಿ ಅದು ಒಡೆದು ಮೀಥೇನ್‌ಥಯಾಲ್‌ನಂಥ ಆವಿಯಾಗುವ ವಸ್ತುಗಳಾಗುತ್ತದೆ. ಕೆಲವರಿಗೆ ಆ ವಾಸನೆ ತಿಳಿಯುವುದೇ ಇಲ್ಲ.

ನೀರಿನ ಲೆಕ್ಕ

ಹೆಕ್ಟೇರಿಗೆ ವರ್ಷಕ್ಕೆ 15,000 ಘನ ಮೀಟರ್ ನೀರು ಎಂದು ಹಿಡಿಯೋಣ. ಮರಳು ನೆಲ, ಎರಡು ಸುತ್ತು, ಉಪ್ಪು ತೊಳೆಯುವ ನೀರು ಸೇರಿ ಇದು ಅತಿಯೇನಲ್ಲ. ಮಳೆಯ ಭಾಷೆಯಲ್ಲಿ ಅದು 1,500 ಮಿ.ಮೀ., ಕೋಲಾರದ ವಾರ್ಷಿಕ ಮಳೆಯ ಸುಮಾರು ಎರಡು ಪಟ್ಟು. 10 ಟನ್ ಇಳುವರಿಗೆ ಹಂಚಿದರೆ ಒಂದು ಕೆ.ಜಿ. ದಂಟಿಗೆ 1,500 ಲೀಟರ್. ಡ್ರಿಪ್ ಹಾಕಿದ್ದರಿಂದ ನೀರು ಉಳಿಯಿತು ಎಂಬ ವಾದ ಹೆಕ್ಟೇರಿನ ಮಟ್ಟಕ್ಕೆ ನಿಜ. ಕಣಿವೆಯ ಮಟ್ಟಕ್ಕೆ ಅಲ್ಲ: ಡ್ರಿಪ್ ಇದ್ದದ್ದರಿಂದಲೇ ಹಿಂದೆಂದೂ ಉಳುಮೆ ಕಾಣದ ಮರಳುದಿಬ್ಬಗಳೂ ಹೊಲವಾದವು. ಮೊದಲು ಕಾಲುವೆಯಲ್ಲಿ ಹಾಯಿಸಿದ ನದಿನೀರಿನ ಒಂದು ಪಾಲು ಇಂಗಿ ಅಂತರ್ಜಲ ಸೇರುತ್ತಿತ್ತು, ಆ ದಾರಿಯೂ ಕಿರಿದಾಯಿತು.

ವಿಲ್ಲಾಕುರಿಯಲ್ಲಿ ನದಿಯೇ ಇಲ್ಲ, ಎಲ್ಲವೂ ಕೊಳವೆಬಾವಿ. ಅಲ್ಲಿ ನೀರಿನ ಮಟ್ಟ ವರ್ಷಕ್ಕೆ ಮೀಟರಿಗೂ ಹೆಚ್ಚು ಇಳಿಯತೊಡಗಿದಾಗ, 2008ರಲ್ಲಿ ಸರ್ಕಾರ ಹೊಸ ಬಾವಿ ಕೊರೆಯುವುದನ್ನು ನಿಷೇಧಿಸಿತು. 2009ರಲ್ಲಿ ಹೊಸ ಜಲಸಂಪನ್ಮೂಲ ಕಾಯಿದೆಯೂ ಬಂತು. ನಿಷೇಧದ ಫಲ ವಿಚಿತ್ರ: ಇದ್ದ ಬಾವಿಗಳಿಗೆ ಬೆಲೆ ಬಂತು, ಬಾವಿ ಬತ್ತಿದ ಸಣ್ಣ ರೈತರು ಮಾರಿ ಹೊರಟರು, ಕೊಂಡವರು ಪೈಪ್ ಎಳೆದು ಬೇರೆ ಕಡೆಗೆ ನೀರು ಒಯ್ದರು. ಬೆಟ್ಟದ ಮೇಲಿನ ವಾಂಕವೇಲಿಕಾ ಪ್ರಾಂತ್ಯದ ಸರೋವರಗಳಿಂದ ಇನ್ನಷ್ಟು ನೀರು ಕಾಲುವೆಯಲ್ಲಿ ತರುವ ಯೋಜನೆಗೆ ಅಲ್ಲಿನ ಕುರುಬರು, ಅಲ್ಪಾಕಾ ಸಾಕುವವರು ಅಡ್ಡ ನಿಂತರು. ಅವರ ಹುಲ್ಲುಗಾವಲಿಗೂ ಅದೇ ನೀರು ಬೇಕು.

ಹೊಲಗಳಿಗೂ ವಯಸ್ಸಾಯಿತು. ಚಳಿನಾಡಿನಲ್ಲಿ 15 ವರ್ಷ ಬಾಳುವ ನೆಡುತೋಪು ವರ್ಷಕ್ಕೆರಡು ಕೊಯ್ಲಿನಲ್ಲಿ 8–10 ವರ್ಷಕ್ಕೆ ಸುಸ್ತಾಗುತ್ತದೆ. ಬುಡಗಡ್ಡೆಗೆ ಫ್ಯುಸೇರಿಯಂ ಶಿಲೀಂಧ್ರ ಹೊಕ್ಕು ಬೇರುಗಳು ಟೊಳ್ಳಾಗುತ್ತವೆ, ಸಾಲಿನಲ್ಲಿ ತೇಪೆ ತೇಪೆಯಾಗಿ ಗಿಡ ಮಾಯ. ಕಿತ್ತು ಅದೇ ಜಾಗದಲ್ಲಿ ಆಸ್ಪರಾಗಸ್ ನೆಟ್ಟರೆ ಹೊಸ ಸಸಿ ಏಳುವುದೇ ಇಲ್ಲ. ಹಳೆಯ ಬೇರು ಕೊಳೆತು ಬಿಡುವ ಫೆರೂಲಿಕ್, ಕೆಫೀಕ್ ಮುಂತಾದ ಆಮ್ಲಗಳು ಮತ್ತು ಉಳಿದ ಶಿಲೀಂಧ್ರ ಸೇರಿ ಹೊಡೆಯುತ್ತವೆ. ಹೊಸ ನೆಲ ಬೇಕು, ಹೊಸ ನೆಲಕ್ಕೆ ಹೊಸ ಬಾವಿ ಬೇಕು, ಬಾವಿಗೆ ಪರವಾನಗಿಯಿಲ್ಲ. ಕಿತ್ತ ಹೊಲಗಳಿಗೆ ಬೀಜರಹಿತ ದ್ರಾಕ್ಷಿ ಬಂದದ್ದಕ್ಕೆ ಅದರ ಲಾಭ ಒಂದು ಕಾರಣ, ಈ ಮುಚ್ಚಿದ ದಾರಿ ಇನ್ನೊಂದು.

ಕರ್ನಾಟಕದಲ್ಲಿ ಬೆಳೆಯುವವರಿಗೆ

ಇಕಾದ ಕ್ಯಾಲೆಂಡರನ್ನು ಇಲ್ಲಿಗೆ ತಂದರೆ ಸೋಲು ಖಚಿತ. ಅಲ್ಲಿ ಬಾಯಾರಿಸುವುದು ಸಾಧ್ಯವಾದದ್ದು ಮಳೆ ಇಲ್ಲದ್ದರಿಂದ. ಬೆಂಗಳೂರಿನ ಆಸುಪಾಸಿನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ವಾಲ್ವ್ ನಮ್ಮ ಕೈಯಲ್ಲಿಲ್ಲ. ಆಗಸ್ಟಿನಲ್ಲಿ ಡ್ರಿಪ್ ನಿಲ್ಲಿಸಿದರೂ ಒಂದು ಮಳೆಗೆ ಮೊಗ್ಗು ಏಳುತ್ತದೆ. ಮಳೆಗಾಲ ಗರಿ ಬೆಳೆಸುವ ಕಾಲ. ಆ ತೇವದಲ್ಲಿ ತುಕ್ಕುರೋಗ, ಸರ್ಕೋಸ್ಪೋರಾ ಚುಕ್ಕೆ ಗರಿಯನ್ನು ಅಕಾಲದಲ್ಲಿ ಉದುರಿಸದಂತೆ ಸಾಲುಗಳ ನಡುವೆ ಗಾಳಿಗೆ ಜಾಗ ಬಿಡಬೇಕು. ಡಿಸೆಂಬರ್‌ನಲ್ಲಿ ನೀರು ಇಳಿಸಿ, ಜನವರಿಯಲ್ಲಿ ಗರಿ ಕತ್ತರಿಸಿ, ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ಕೊಯ್ಲು, ಇದು ಇಲ್ಲಿನ ಹವೆಗೆ ಹೊಂದುವ ಸುತ್ತು. ನಮ್ಮ ಕುರುಚಲು ಕಾಡಿನ ಶತಾವರಿಯೂ ಇದೇ ಕುಲದ ಗಿಡ. ಬೇಸಿಗೆಯಲ್ಲಿ ಒಣಗಿ, ಗೆಡ್ಡೆಯಂಥ ಬೇರಿನ ಬಲದಿಂದ ಮೊದಲ ಮಳೆಗೆ ಚಿಗುರುವುದು ಅದರ ಕ್ರಮ. ಮಾರ್ಚ್ ಕೊನೆಗೆ ಬೆಂಗಳೂರಿನ ಬಿಸಿಲೂ 33–34 ಡಿಗ್ರಿ ಮುಟ್ಟುತ್ತದೆ, ದಂಟಿನ ತುದಿ ಬೇಗ ಬಿಚ್ಚುತ್ತದೆ. ಬೇರಿನ ಬ್ರಿಕ್ಸ್ 12ಕ್ಕೆ ಬಂದಿರಲಿ, ಬಾರದಿರಲಿ, ಅರ್ಧಕ್ಕಿಂತ ಹೆಚ್ಚು ದಂಟು ಪೆನ್ಸಿಲಿಗಿಂತ ಸಣ್ಣಗೆ ಬರತೊಡಗಿದ ದಿನವೇ ಚಾಕು ಕೆಳಗಿಟ್ಟು ಗರಿ ಬಿಡಬೇಕು.